ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕನ್ನು ಮನೆಯ ಇನ್ನೊಂದು ಕಂಪ್ಯೂಟರಿಗೆ ಬ್ಯಾಕಪ್ ಮಾಡುವುದು ಹೇಗೆ?

"ಮನೆಯಲ್ಲಿ ಒಂದು ಡೆಸ್ಕ್‌ಟಾಪ್ ಇದೆ, ಅದರಲ್ಲಿ ಬೇಕಾದಷ್ಟು ಜಾಗ ಖಾಲಿ ಬಿದ್ದಿದೆ. ಲ್ಯಾಪ್‌ಟಾಪಿನಲ್ಲಿ ಇರುವುದನ್ನೆಲ್ಲ ಅದಕ್ಕೆ ಹಾಕಿಡಬಹುದಾ?" ಓದುಗರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತ ಮೇಲೆ ಕೇಳುವವರು ಇನ್ನೂ ಜಾಸ್ತಿಯಾಗಿದ್ದಾರೆ. ವಿಂಡೋಸ್ 11 ಹಾಕಿಸಬೇಕು, ಅದಕ್ಕೂ ಮೊದಲು ಇರುವುದನ್ನು ಉಳಿಸಿಕೊಳ್ಳಬೇಕು.

ಹಾಕಿಡಬಹುದು. ಜಾಸ್ತಿ ಖರ್ಚೂ ಇಲ್ಲ. ಆದರೆ ನಡುವೆ ಎಡವುವ ಜಾಗಗಳು ಕೆಲವು ಇವೆ. ಅವನ್ನು ಬಿಡಿಸಿ ಹೇಳುವುದಕ್ಕೇ ಈ ಲೇಖನ. ಎರಡೂ ಕಂಪ್ಯೂಟರಿನಲ್ಲಿ ವಿಂಡೋಸ್ 10 ಅಥವಾ 11 ಇದೆ ಎಂದುಕೊಂಡು ಬರೆದಿದ್ದೇನೆ.

ಮೊದಲು ಒಂದು ಎಚ್ಚರಿಕೆ

ನಿಮ್ಮ ಹಾರ್ಡ್ ಡಿಸ್ಕ್ ಟಕ್ ಟಕ್ ಎಂದು ಸದ್ದು ಮಾಡುತ್ತಿದೆಯೇ? ಫೈಲ್ ತೆರೆಯುವಾಗ ನಿಮಿಷಗಟ್ಟಲೆ ನಿಂತುಬಿಡುತ್ತದೆಯೇ? ಹಾಗಿದ್ದರೆ ಕೆಳಗಿನ ಹಂತಗಳನ್ನೆಲ್ಲ ಬಿಟ್ಟು, ತೀರಾ ಬೇಕಾದ ಫೈಲುಗಳನ್ನು ಮಾತ್ರ ಈಗಲೇ ಒಂದು ಪೆನ್ ಡ್ರೈವಿಗೆ ಹಾಕಿಕೊಳ್ಳಿ. ಸಾಯುತ್ತಿರುವ ಡಿಸ್ಕಿನಿಂದ ಪೂರ್ತಿ ಬ್ಯಾಕಪ್ ತೆಗೆಯಲು ಹೋದರೆ ಆ ಒತ್ತಡಕ್ಕೇ ಅದು ನಿಂತುಹೋಗಬಹುದು. ಆಮೇಲೆ ಲ್ಯಾಪ್‌ಟಾಪ್ ಆಫ್ ಮಾಡಿ, ತಿಳಿದವರ ಕೈಗೆ ಕೊಡಿ.

ಫೈಲ್ ಬ್ಯಾಕಪ್ ಬೇರೆ, ಡಿಸ್ಕ್ ಇಮೇಜ್ ಬೇರೆ

ಫೈಲ್ ಬ್ಯಾಕಪ್ ಎಂದರೆ ನಿಮ್ಮ ಫೋಟೋ, ಕಾಗದಪತ್ರ, ಲೆಕ್ಕದ ಫೈಲುಗಳ ನಕಲು. ಡಿಸ್ಕ್ ಇಮೇಜ್ ಎಂದರೆ ಇಡೀ ಡಿಸ್ಕಿನ ಅಚ್ಚು. ವಿಂಡೋಸ್, ಹಾಕಿಸಿಕೊಂಡ ಸಾಫ್ಟ್‌ವೇರ್, ಸೆಟ್ಟಿಂಗ್ ಎಲ್ಲವೂ ಅದರಲ್ಲಿ ಇರುತ್ತದೆ. ಡಿಸ್ಕ್ ಹಾಳಾದರೆ ಹೊಸ ಡಿಸ್ಕ್ ಹಾಕಿಸಿ, ಇಮೇಜನ್ನು ಅದರ ಮೇಲೆ ಇಳಿಸಿದರೆ ಲ್ಯಾಪ್‌ಟಾಪ್ ಅಂದು ಹೇಗಿತ್ತೋ ಹಾಗೇ ಎದ್ದು ನಿಲ್ಲುತ್ತದೆ.

"ಇಮೇಜ್ ಒಂದೇ ಸಾಕಲ್ವಾ?" ಎಂದು ಹಲವರು ಕೇಳುತ್ತಾರೆ. ಸಾಲದು. ಇಮೇಜ್ ತೆಗೆಯಲು ಗಂಟೆಗಳು ಬೇಕು, ಅದನ್ನು ದಿನಾ ಯಾರೂ ಮಾಡುವುದಿಲ್ಲ. ಫೈಲ್ ಬ್ಯಾಕಪ್ ತಾನಾಗಿಯೇ ಗಂಟೆಗೊಮ್ಮೆ ನಡೆಯುವಂತೆ ಮಾಡಬಹುದು. ವಿಂಡೋಸನ್ನು ಯಾವಾಗ ಬೇಕಾದರೂ ಹೊಸದಾಗಿ ಹಾಕಿಕೊಳ್ಳಬಹುದು, ಮಗುವಿನ ನಾಮಕರಣದ ಫೋಟೋ ಹಾಗಲ್ಲ. ಆದ್ದರಿಂದ ಮೊದಲು ಫೈಲುಗಳು, ಆಮೇಲೆ ಇಮೇಜ್.

ಬೇಕಾಗುವ ಸಾಮಾನು

ಲ್ಯಾಪ್‌ಟಾಪಿನಲ್ಲಿ ಈಗ ಎಷ್ಟು ಜಾಗ ತುಂಬಿದೆಯೋ ಅದರ ಎರಡರಷ್ಟಾದರೂ ಡೆಸ್ಕ್‌ಟಾಪಿನಲ್ಲಿ ಖಾಲಿ ಇರಲಿ. ಕ್ಯಾಟ್ 5ಇ ಅಥವಾ ಕ್ಯಾಟ್ 6 ಎಂದು ಬರೆದಿರುವ ಎರಡು ಲ್ಯಾನ್ ಕೇಬಲ್ ಬೇಕು. ತೆಳು ಲ್ಯಾಪ್‌ಟಾಪುಗಳಲ್ಲಿ ಲ್ಯಾನ್ ಪೋರ್ಟೇ ಇರುವುದಿಲ್ಲ, ಅದಕ್ಕೆ ಯುಎಸ್‌ಬಿಯಿಂದ ಲ್ಯಾನ್‌ಗೆ ಬದಲಿಸುವ ಅಡಾಪ್ಟರ್ ಸಿಗುತ್ತದೆ. ಹಂತ 7ರಲ್ಲಿ ಇಮೇಜ್ ತೆಗೆಯಲು 4 ಜಿಬಿ ಅಥವಾ ಅದಕ್ಕಿಂತ ದೊಡ್ಡ ಒಂದು ಪೆನ್ ಡ್ರೈವ್ ಇಟ್ಟುಕೊಳ್ಳಿ. ಅದರಲ್ಲಿ ಇರುವುದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ. ಡೆಸ್ಕ್‌ಟಾಪಿಗೆ ಯುಪಿಎಸ್ ಇದ್ದರೆ ಒಳ್ಳೆಯದು. ಕರೆಂಟ್ ಹೋದರೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತದೆ, ಡೆಸ್ಕ್‌ಟಾಪ್ ನಿಂತುಬಿಡುತ್ತದೆ. ರೌಟರಿಗೂ ಅದೇ ಯುಪಿಎಸ್‌ನಿಂದ ಕರೆಂಟ್ ಕೊಡಿ.

ಇನ್ನೊಂದು ಮಾತು. ಎರಡು ಕಂಪ್ಯೂಟರುಗಳ ಯುಎಸ್‌ಬಿ ಪೋರ್ಟುಗಳನ್ನು ಸಾದಾ ಯುಎಸ್‌ಬಿ ಕೇಬಲ್ಲಿನಿಂದ ಜೋಡಿಸಲು ಹೋಗಬೇಡಿ. ಫೋನ್ ಜೋಡಿಸಿದ ಹಾಗೆ ಅದು ಕೆಲಸ ಮಾಡುವುದಿಲ್ಲ, ಪೋರ್ಟ್ ಸುಟ್ಟರೂ ಸುಟ್ಟೀತು.

ಹಂತ 1: ಯಾವುದು ಎಲ್ಲಿದೆ ಎಂದು ಬರೆದುಕೊಳ್ಳಿ

ಬೇಸರದ ಕೆಲಸ, ಆದರೆ ಬ್ಯಾಕಪ್ ಕೈಕೊಡುವುದು ಹೆಚ್ಚಾಗಿ ಇಲ್ಲೇ. ಒಂದು ಕಾಗದ ತೆಗೆದುಕೊಂಡು ಕೂತುಕೊಳ್ಳಿ.

ನಮ್ಮಲ್ಲಿ ಬಹಳ ಜನ ಡಿಸ್ಕನ್ನು ಸಿ, ಡಿ, ಇ ಎಂದು ಭಾಗ ಮಾಡಿ, ಬೇಕಾದ್ದನ್ನೆಲ್ಲ ಡಿ ಡ್ರೈವಿನಲ್ಲಿ ಇಡುತ್ತೇವೆ. ವಿಂಡೋಸಿನ ಬ್ಯಾಕಪ್ ಸೌಲಭ್ಯ ತಾನಾಗಿ ನೋಡುವುದು ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೆಸ್ಕ್‌ಟಾಪ್‌ನಂಥ ಫೋಲ್ಡರುಗಳನ್ನು ಮಾತ್ರ. ಡಿ ಡ್ರೈವ್ ಅದರ ಕಣ್ಣಿಗೆ ಬೀಳುವುದೇ ಇಲ್ಲ. "ಡಿ ಡ್ರೈವಿನಲ್ಲಿ ಇಟ್ಟಿದ್ದೇನೆ, ಅದು ಸೇಫ್" ಎಂಬ ನಂಬಿಕೆಯನ್ನೂ ಬಿಡಿ. ಅದೂ ಅದೇ ಡಿಸ್ಕಿನ ಮೇಲಿದೆ, ಡಿಸ್ಕ್ ಹೋದರೆ ಅದೂ ಹೋಯಿತು.

ಟ್ಯಾಲಿ ಬಳಸುವವರು ಟ್ಯಾಲಿಯ ಒಳಗೇ ಡೇಟಾ ಇರುವ ಫೋಲ್ಡರಿನ ದಾರಿ ನೋಡಿ ಬರೆದುಕೊಳ್ಳಿ. ಬ್ಯಾಕಪ್ ಮಾಡುವಾಗ ಟ್ಯಾಲಿ, ಔಟ್‌ಲುಕ್ ಎಲ್ಲ ಮುಚ್ಚಿರಲಿ. ತೆರೆದಿರುವ ಫೈಲ್ ಕಾಪಿ ಆಗದೇ ಹೋಗಬಹುದು, ಅಥವಾ ಅರ್ಧಂಬರ್ಧ ಆಗಬಹುದು.

ಕನ್ನಡದಲ್ಲಿ ಟೈಪ್ ಮಾಡುವವರು ಇದನ್ನು ಗಮನವಿಟ್ಟು ಓದಿ. ನುಡಿ, ಬರಹ ಎಂಬ ಕನ್ನಡ ಸಾಫ್ಟ್‌ವೇರುಗಳಲ್ಲಿ ಮಾಡಿದ ಹಳೆಯ ಫೈಲುಗಳು ಬಹಳಷ್ಟು ಯೂನಿಕೋಡ್‌ನಲ್ಲಿ ಇಲ್ಲ. ಯೂನಿಕೋಡ್ ಎಂದರೆ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ. ಯೂನಿಕೋಡ್ ಅಲ್ಲದ ಫೈಲಿನಲ್ಲಿ ಅಕ್ಷರ ಕಾಣಿಸಬೇಕಾದರೆ ಅದೇ ಫಾಂಟ್ ಬೇಕೇ ಬೇಕು. ಒಮ್ಮೆ ನನ್ನ ಲ್ಯಾಪ್‌ಟಾಪ್ ಕೆಟ್ಟಾಗ ನಮ್ಮ ತಂದೆಯವರು ನುಡಿಯಲ್ಲಿ ಬರೆದಿದ್ದ ಲೇಖನಗಳನ್ನು ಡೆಸ್ಕ್‌ಟಾಪಿನಿಂದ ತೆರೆದೆ. ಫೈಲುಗಳು ಒಂದೂ ಬಿಡದೆ ಇದ್ದವು, ಓದಲು ಮಾತ್ರ ಒಂದಕ್ಷರವೂ ಬರಲಿಲ್ಲ. ಅದೇ ಫಾಂಟ್ ಹುಡುಕಿ ಹಾಕುವವರೆಗೂ ಜೀವ ಕೈಯಲ್ಲಿತ್ತು. ಆದ್ದರಿಂದ ಸಿ ಡ್ರೈವಿನ ವಿಂಡೋಸ್ ಫೋಲ್ಡರಿನ ಒಳಗಿರುವ ಫಾಂಟ್ಸ್ ಫೋಲ್ಡರಿನಿಂದ ನಿಮ್ಮ ನುಡಿ, ಬರಹ ಫಾಂಟುಗಳನ್ನು ಕಾಪಿ ಮಾಡಿ, ಡಾಕ್ಯುಮೆಂಟ್ಸ್‌ನಲ್ಲಿ ಒಂದು ಫೋಲ್ಡರ್ ಮಾಡಿ ಹಾಕಿಡಿ. ನುಡಿಯ ಇನ್‌ಸ್ಟಾಲ್ ಫೈಲ್ ಇದ್ದರೆ ಅದನ್ನೂ ಇಡಿ.

ಫೈಲುಗಳನ್ನು ಇಂಟರ್ನೆಟ್ಟಿನಲ್ಲಿ ಇಡುವ ಮೈಕ್ರೋಸಾಫ್ಟಿನ ಒನ್‌ಡ್ರೈವ್ ಬಳಸುತ್ತೀರಾ? ಅಲ್ಲಿ ಮೋಡದ ಗುರುತು ಇರುವ ಫೈಲುಗಳು ನಿಮ್ಮ ಲ್ಯಾಪ್‌ಟಾಪಿನಲ್ಲಿ ಇಲ್ಲವೇ ಇಲ್ಲ, ಹೆಸರು ಮಾತ್ರ ಕಾಣುತ್ತದೆ. ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ "ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್" ಒತ್ತಿ, ಇಳಿದು ಮುಗಿಯುವವರೆಗೆ ಕಾಯಿರಿ. ಒನ್‌ಡ್ರೈವ್ ಇದೆಯಲ್ಲ, ಬ್ಯಾಕಪ್ ಏಕೆ ಎಂದರೆ, ಇಲ್ಲಿ ಅಳಿಸಿದ್ದು ಅಲ್ಲೂ ಅಳಿಸುತ್ತದೆ. ಅಲ್ಲಿನ ಕಸದ ಬುಟ್ಟಿಯಲ್ಲಿ ಸ್ವಲ್ಪ ದಿನ ಉಳಿಯುತ್ತದೆ, ಆಮೇಲೆ ಇಲ್ಲ.

ಹಂತ 2: ಡೆಸ್ಕ್‌ಟಾಪನ್ನು ಸಿದ್ಧ ಮಾಡಿ

ಮೊದಲು ಡೆಸ್ಕ್‌ಟಾಪಿನಲ್ಲಿ ಬ್ಯಾಕಪ್‌ಗೆಂದೇ ಒಬ್ಬ ಹೊಸ ಬಳಕೆದಾರನನ್ನು ಮಾಡಿ. ಸೆಟ್ಟಿಂಗ್ಸ್, ಅಕೌಂಟ್ಸ್, ಅದರ್ ಯೂಸರ್ಸ್‌ಗೆ ಹೋಗಿ. ಮೈಕ್ರೋಸಾಫ್ಟ್ ಇಮೇಲ್ ಕೇಳುತ್ತದೆ. ಕೊಡಬೇಡಿ. ಈ ವ್ಯಕ್ತಿಯ ವಿವರ ನನ್ನ ಬಳಿ ಇಲ್ಲ ಎಂಬ ಸಾಲನ್ನು ಒತ್ತಿ, ಮುಂದಿನ ಪುಟದಲ್ಲಿ ಮೈಕ್ರೋಸಾಫ್ಟ್ ಖಾತೆ ಇಲ್ಲದೆ ಸೇರಿಸುವ ಆಯ್ಕೆ ತೆಗೆದುಕೊಳ್ಳಿ. ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಇರಲಿ. ಪಾಸ್‌ವರ್ಡ್ ಕೊಡಲೇಬೇಕು. ಪಾಸ್‌ವರ್ಡ್ ಖಾಲಿ ಬಿಟ್ಟ ಖಾತೆಯನ್ನು ವಿಂಡೋಸ್ ನೆಟ್‌ವರ್ಕಿನ ಮೂಲಕ ಒಳಗೆ ಬಿಡುವುದಿಲ್ಲ.

ಈ ಹೊಸ ಬಳಕೆದಾರ ಏಕೆ? ನೀವು ದಿನಾ ಡೆಸ್ಕ್‌ಟಾಪ್ ತೆರೆಯಲು ಒತ್ತುವ ನಾಲ್ಕಂಕಿಯ ಪಿನ್ ಇದೆಯಲ್ಲ, ಅದು ಆ ಕಂಪ್ಯೂಟರಿನ ಮುಂದೆ ಕೂತಾಗ ಮಾತ್ರ ನಡೆಯುತ್ತದೆ. ಇನ್ನೊಂದು ಕಂಪ್ಯೂಟರಿನಿಂದ ಬರುವಾಗ ನಡೆಯುವುದಿಲ್ಲ. "ಪಾಸ್‌ವರ್ಡ್ ಸರಿಯಾಗಿಯೇ ಹಾಕುತ್ತಿದ್ದೇನೆ, ತಪ್ಪು ಎನ್ನುತ್ತಿದೆ" ಎಂದು ನನಗೆ ಬರೆದವರಲ್ಲಿ ಹೆಚ್ಚಿನವರು ಹಾಕುತ್ತಿದ್ದುದು ಪಿನ್.

ಆಮೇಲೆ ಜಾಗ ಜಾಸ್ತಿ ಇರುವ ಡ್ರೈವಿನಲ್ಲಿ ಒಂದು ಫೋಲ್ಡರ್ ಮಾಡಿ. ಆ ಡ್ರೈವ್ ಎನ್‌ಟಿಎಫ್‌ಎಸ್ ಮಾದರಿಯದ್ದಾಗಿರಲಿ, ಡ್ರೈವಿನ ಪ್ರಾಪರ್ಟೀಸ್‌ನಲ್ಲಿ ಕಾಣುತ್ತದೆ. ಫ್ಯಾಟ್32 ಇದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ. ಫೋಲ್ಡರಿನ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಶೇರಿಂಗ್, ಅಲ್ಲಿ ಶೇರ್ ಬಟನ್. ಹೊಸ ಬಳಕೆದಾರನ ಹೆಸರು ಸೇರಿಸಿ, ಮುಂದೆ ರೀಡ್/ರೈಟ್ ಎಂದು ಆರಿಸಿ. "ಎವ್ರಿಒನ್" ಸೇರಿಸಿದರೆ ಸುಲಭ ಎಂದು ಕೆಲವು ವಿಡಿಯೋಗಳಲ್ಲಿ ಹೇಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಮನೆಯ ಸಂಪರ್ಕ "ಪ್ರೈವೇಟ್" ಎಂದು ಇರಬೇಕು. "ಪಬ್ಲಿಕ್" ಇದ್ದರೆ ವಿಂಡೋಸ್ ಬಾಗಿಲು ಹಾಕಿಕೊಂಡು ಕೂರುತ್ತದೆ. ಅಡ್ವಾನ್ಸ್ಡ್ ಶೇರಿಂಗ್ ಸೆಟ್ಟಿಂಗ್ಸ್‌ನಲ್ಲಿ ಫೈಲ್ ಅಂಡ್ ಪ್ರಿಂಟರ್ ಶೇರಿಂಗ್ ಆನ್ ಮಾಡಿ. ಎಸ್‌ಎಂಬಿ 1.0 ಎಂಬುದನ್ನು ಮಾತ್ರ ಯಾರು ಹೇಳಿದರೂ ಆನ್ ಮಾಡಬೇಡಿ. ಎಸ್‌ಎಂಬಿ ಎಂದರೆ ವಿಂಡೋಸ್ ಕಂಪ್ಯೂಟರುಗಳು ಫೈಲ್ ಹಂಚಿಕೊಳ್ಳುವ ವಿಧಾನ, 1.0 ಅದರ ತೀರಾ ಹಳೆಯ ರೂಪ. 2017ರ ಮೇ ತಿಂಗಳಲ್ಲಿ ಜಗತ್ತಿನ ತುಂಬ ಹರಡಿದ ವಾನಾಕ್ರೈ ಇದರ ದೋಷದಿಂದಲೇ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ದಾಟಿತು. ಅದು ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರಾನ್ಸಮ್‌ವೇರ್.

ಕೊನೆಗೆ ಪವರ್ ಸೆಟ್ಟಿಂಗ್ಸ್‌ಗೆ ಹೋಗಿ ಸ್ಲೀಪ್ ಅನ್ನು "ನೆವರ್" ಮಾಡಿ. ರಾತ್ರಿ ಬ್ಯಾಕಪ್ ಹಚ್ಚಿ ಮಲಗುತ್ತೀರಿ, ಅರ್ಧ ಗಂಟೆಗೆ ಡೆಸ್ಕ್‌ಟಾಪೂ ಮಲಗಿಬಿಟ್ಟರೆ ಬೆಳಿಗ್ಗೆ ಎದ್ದಾಗ ಏನೂ ಆಗಿರುವುದಿಲ್ಲ.

ಹಂತ 3: ಎರಡನ್ನೂ ಜೋಡಿಸಿ

ಎರಡಕ್ಕೂ ಲ್ಯಾನ್ ಕೇಬಲ್ ಹಾಕಿ ಮನೆಯ ರೌಟರಿಗೆ ಚುಚ್ಚಿ. ವೈಫೈಯಲ್ಲೂ ಆಗುತ್ತದೆ, ಆದರೆ ಲೆಕ್ಕ ನೋಡಿ. 200 ಜಿಬಿ ಕಳಿಸಬೇಕು ಎಂದುಕೊಳ್ಳಿ. ಗಿಗಾಬಿಟ್ ಲ್ಯಾನ್‌ನಲ್ಲಿ ಸೆಕೆಂಡಿಗೆ 110 ಎಂಬಿವರೆಗೆ ಹೋಗುತ್ತದೆ, ಅಂದರೆ ಅರ್ಧ ಗಂಟೆ. ರೌಟರಿನ ಪೋರ್ಟ್ 100 ಎಂಬಿಪಿಎಸ್‌ನದ್ದಾದರೆ ಸೆಕೆಂಡಿಗೆ 11 ಎಂಬಿ, ಸುಮಾರು 5 ಗಂಟೆ. ವೈಫೈ ಸೆಕೆಂಡಿಗೆ 4 ಎಂಬಿ ಕೊಟ್ಟರೆ 14 ಗಂಟೆ. ಸಣ್ಣ ಸಣ್ಣ ಫೈಲುಗಳು ಸಾವಿರಗಟ್ಟಲೆ ಇದ್ದರೆ ಇದಕ್ಕಿಂತಲೂ ಹೆಚ್ಚು ಹಿಡಿಯುತ್ತದೆ. ಇಂಟರ್ನೆಟ್ ಡೇಟಾ ಇದಕ್ಕೆ ಖರ್ಚಾಗುವುದಿಲ್ಲ, ಎಲ್ಲವೂ ಮನೆಯೊಳಗೇ ನಡೆಯುತ್ತದೆ.

ರೌಟರ್ ಇಲ್ಲದಿದ್ದರೆ ಒಂದೇ ಕೇಬಲ್ಲಿನಿಂದ ಎರಡು ಕಂಪ್ಯೂಟರುಗಳನ್ನು ನೇರವಾಗಿಯೂ ಜೋಡಿಸಬಹುದು. ಈಗಿನ ಪೋರ್ಟುಗಳಿಗೆ ಹಿಂದಿನ ಕಾಲದ ಕ್ರಾಸ್ ಕೇಬಲ್ ಬೇಡ. ಆದರೆ ವಿಂಡೋಸ್ ಅಂಥ ಸಂಪರ್ಕವನ್ನು ಸಾಮಾನ್ಯವಾಗಿ "ಪಬ್ಲಿಕ್" ಎಂದೇ ಹಿಡಿಯುತ್ತದೆ, ಅದನ್ನು ಬದಲಿಸುವುದು ತಲೆನೋವು. ರೌಟರ್ ಇದ್ದರೆ ಅದೇ ವಾಸಿ.

ಡೆಸ್ಕ್‌ಟಾಪಿನ ನೆಟ್‌ವರ್ಕ್ ಪ್ರಾಪರ್ಟೀಸ್‌ನಲ್ಲಿ ಐಪಿವಿ4 ಅಡ್ರೆಸ್ ಎಂದು ಇರುತ್ತದೆ. ಮನೆಯ ನೆಟ್‌ವರ್ಕಿನಲ್ಲಿ ಆ ಕಂಪ್ಯೂಟರಿನ ಮನೆ ನಂಬರ್ ಅದು. ಉದಾಹರಣೆಗೆ 192.168.1.20. ಬರೆದುಕೊಳ್ಳಿ. ರೌಟರ್ ಆಫ್ ಆಗಿ ಆನ್ ಆದರೆ ಇದು ಬದಲಾಗಬಹುದು. ಒಂದು ದಿನ ಇದ್ದಕ್ಕಿದ್ದಂತೆ ಬ್ಯಾಕಪ್ ನಿಂತರೆ ಮೊದಲು ಇದನ್ನೇ ನೋಡಿ.

ಹಂತ 4: ಲ್ಯಾಪ್‌ಟಾಪಿನಿಂದ ತೆರೆದು ನೋಡಿ

ಲ್ಯಾಪ್‌ಟಾಪಿನಲ್ಲಿ ಯಾವುದಾದರೂ ಫೋಲ್ಡರ್ ತೆರೆದು ಮೇಲಿನ ವಿಳಾಸದ ಪಟ್ಟಿಯಲ್ಲಿ \\192.168.1.20 ಎಂದು ಟೈಪ್ ಮಾಡಿ ಎಂಟರ್ ಒತ್ತಿ. ನಿಮ್ಮ ನಂಬರ್ ಹಾಕಿ. ಮೊದಲಿಗೆ ಇರುವುದು ಎರಡು ಬ್ಯಾಕ್‌ಸ್ಲ್ಯಾಶ್, ಎಂಟರ್ ಕೀ ಹತ್ತಿರ ಇರುತ್ತದೆ. ಹೊಸ ಬಳಕೆದಾರನ ಹೆಸರು, ಪಾಸ್‌ವರ್ಡ್ ಕೊಡಿ. ಫೋಲ್ಡರ್ ಕಂಡರೆ ಒಂದು ಸಣ್ಣ ಫೈಲ್ ಹಾಕಿ, ಡೆಸ್ಕ್‌ಟಾಪಿನಲ್ಲಿ ಬಂತೇ ನೋಡಿ. ಇದು ಸರಿಯಾಗದೆ ಮುಂದೆ ಹೋಗಬೇಡಿ.

ಪಾಸ್‌ವರ್ಡ್ ಒಪ್ಪದಿದ್ದರೆ ಬಳಕೆದಾರನ ಹೆಸರಿಗೆ ಮೊದಲು ಡೆಸ್ಕ್‌ಟಾಪಿನ ಹೆಸರು ಮತ್ತು ಒಂದು ಬ್ಯಾಕ್‌ಸ್ಲ್ಯಾಶ್ ಸೇರಿಸಿ ನೋಡಿ. ಫೋಲ್ಡರ್ ಕಾಣದೇ ಇದ್ದರೆ ಪ್ರೈವೇಟ್, ಪಬ್ಲಿಕ್ ವಿಷಯವನ್ನು ಮತ್ತೊಮ್ಮೆ ನೋಡಿ. ಬೇರೆ ಆ್ಯಂಟಿವೈರಸ್ ಇದ್ದರೆ ಅದರ ಫೈರ್‌ವಾಲ್ ತಡೆಯುತ್ತಿರಬಹುದು.

ಹಂತ 5: ಫೈಲುಗಳ ಬ್ಯಾಕಪ್ ಹಚ್ಚಿ

ಇದಕ್ಕೆ ವಿಂಡೋಸಿನಲ್ಲೇ ಫೈಲ್ ಹಿಸ್ಟರಿ ಎಂಬ ಸೌಲಭ್ಯ ಇದೆ. ಹೊಸ ಸೆಟ್ಟಿಂಗ್ಸ್‌ನಲ್ಲಿ ಹುಡುಕಿದರೆ ಸಿಗದೇ ಇರಬಹುದು. ಕಂಟ್ರೋಲ್ ಪ್ಯಾನೆಲ್ ತೆರೆದು, ಸಿಸ್ಟಮ್ ಅಂಡ್ ಸೆಕ್ಯುರಿಟಿ, ಅದರಲ್ಲಿ ಫೈಲ್ ಹಿಸ್ಟರಿ. "ಸೆಲೆಕ್ಟ್ ಡ್ರೈವ್" ಒತ್ತಿ, "ಆ್ಯಡ್ ನೆಟ್‌ವರ್ಕ್ ಲೊಕೇಶನ್"ನಲ್ಲಿ ನಿಮ್ಮ ಫೋಲ್ಡರ್ ಆರಿಸಿ, ಆಮೇಲೆ "ಟರ್ನ್ ಆನ್" ಒತ್ತಿ.

ಡಿ ಡ್ರೈವಿನ ಫೋಲ್ಡರುಗಳನ್ನು ಸೇರಿಸಲು ಪ್ರತಿ ಫೋಲ್ಡರಿನ ಮೇಲೂ ರೈಟ್ ಕ್ಲಿಕ್ ಮಾಡಿ "ಇನ್‌ಕ್ಲೂಡ್ ಇನ್ ಲೈಬ್ರರಿ" ಆರಿಸಿ. ವಿಂಡೋಸ್ 11ರಲ್ಲಿ ಇದು "ಶೋ ಮೋರ್ ಆಪ್ಷನ್ಸ್" ಒಳಗೆ ಇರುತ್ತದೆ. ಹಂತ 1ರ ಕಾಗದ ಮುಂದಿಟ್ಟುಕೊಂಡು ಒಂದೊಂದಾಗಿ ಟಿಕ್ ಹಾಕುತ್ತಾ ಬನ್ನಿ.

ಮೊದಲ ಸಲ ಹೊತ್ತು ಹಿಡಿಯುತ್ತದೆ. ಆಮೇಲೆ ಗಂಟೆಗೊಮ್ಮೆ ಬದಲಾದ ಫೈಲುಗಳು ಮಾತ್ರ ಹೋಗುತ್ತವೆ. ಹಳೆಯ ಪ್ರತಿಯನ್ನು ಅಳಿಸದೆ ಹೊಸದನ್ನು ಪಕ್ಕದಲ್ಲಿ ಇಡುವುದು ಇದರ ದೊಡ್ಡ ಗುಣ. ನಿನ್ನೆ ತಪ್ಪಾಗಿ ಏನೋ ಅಳಿಸಿ ಸೇವ್ ಮಾಡಿದ್ದರೆ ಮೊನ್ನೆಯದನ್ನು ತೆಗೆದುಕೊಳ್ಳಬಹುದು. ಡೆಸ್ಕ್‌ಟಾಪಿನಲ್ಲಿ ಆ ಫೋಲ್ಡರ್ ತೆರೆದರೆ ಫೈಲಿನ ಹೆಸರಿನ ಕೊನೆಗೆ ದಿನಾಂಕ, ಸಮಯ ಅಂಟಿಕೊಂಡಿರುತ್ತದೆ. ಗಾಬರಿಯಾಗಬೇಡಿ, ಅದು ಹಾಗೇ ಇರಬೇಕು. ಆ ಸಮಯ ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ ಇರುತ್ತದೆ.

ಇಷ್ಟಾದರೆ ಮುಖ್ಯ ಕೆಲಸ ಮುಗಿದ ಹಾಗೆ. ಇವತ್ತಿಗೆ ಸುಸ್ತಾಗಿದ್ದರೆ ಇಲ್ಲಿಗೇ ನಿಲ್ಲಿಸಿ, ಇಮೇಜನ್ನು ಭಾನುವಾರ ತೆಗೆಯಿರಿ.

ಹಂತ 6: ಬಿಟ್‌ಲಾಕರ್ ಕೀ ಬರೆದಿಟ್ಟುಕೊಳ್ಳಿ

ಬಿಟ್‌ಲಾಕರ್ ಎಂದರೆ ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ. ಹೊಸ ಲ್ಯಾಪ್‌ಟಾಪುಗಳಲ್ಲಿ ನಿಮಗೆ ಗೊತ್ತಿಲ್ಲದೆಯೇ ಅದು ಬಿದ್ದಿರಬಹುದು. ಹೋಮ್ ಆವೃತ್ತಿಯಲ್ಲಿ "ಡಿವೈಸ್ ಎನ್‌ಕ್ರಿಪ್ಶನ್" ಎಂಬ ಹೆಸರಿನಲ್ಲಿ ಇರುತ್ತದೆ. ಆನ್ ಇದ್ದರೆ, 48 ಅಂಕಿಯ ರಿಕವರಿ ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇದೆಯೇ ನೋಡಿ. ಕಾಗದದ ಮೇಲೆ ಬರೆದು ಮನೆಯ ಪತ್ರಗಳ ಜೊತೆ ಇಡಿ. ಬಯೋಸ್‌ನಲ್ಲಿ, ಅಂದರೆ ವಿಂಡೋಸ್ ಏಳುವ ಮುಂಚೆ ನಡೆಯುವ ಕಂಪ್ಯೂಟರಿನ ಮೂಲ ಸೆಟ್ಟಿಂಗ್‌ನಲ್ಲಿ, ಏನಾದರೂ ಬದಲಿಸಿದರೆ ಲ್ಯಾಪ್‌ಟಾಪ್ ಈ ಕೀ ಕೇಳಬಹುದು. ಇಲ್ಲದಿದ್ದರೆ ಒಳಗಿರುವುದು ನಿಮಗೇ ಸಿಗುವುದಿಲ್ಲ.

ಬೀಗ ಇರುವ ಡಿಸ್ಕಿನ ಇಮೇಜ್ ತೆಗೆದರೆ ಖಾಲಿ ಜಾಗವೂ ಸೇರಿ ಇಡೀ ಡಿಸ್ಕಿನಷ್ಟು ದೊಡ್ಡದಾಗುತ್ತದೆ. 512 ಜಿಬಿ ಡಿಸ್ಕಿನಲ್ಲಿ 100 ಜಿಬಿ ಮಾತ್ರ ತುಂಬಿದ್ದರೂ ಇಮೇಜ್ 512 ಜಿಬಿ ಹತ್ತಿರ ಹೋಗುತ್ತದೆ. ಜಾಗ ಇಲ್ಲದವರು ಇಮೇಜ್ ತೆಗೆಯುವ ಮುಂಚೆ ಎನ್‌ಕ್ರಿಪ್ಶನ್ ಪೂರ್ತಿ ಆಫ್ ಮಾಡಿ, ಆಮೇಲೆ ಮತ್ತೆ ಆನ್ ಮಾಡಬಹುದು. ಸಸ್ಪೆಂಡ್, ಅಂದರೆ ತಾತ್ಕಾಲಿಕವಾಗಿ ನಿಲ್ಲಿಸುವುದು, ಮಾಡಿದರೆ ಸಾಲದು.

ಹಂತ 7: ಇಡೀ ಡಿಸ್ಕಿನ ಇಮೇಜ್

ಇದಕ್ಕೆ ನಾನು ಹೇಳುವುದು ರೆಸ್ಕ್ಯೂಝಿಲ್ಲಾ. ಉಚಿತ, ಓಪನ್ ಸೋರ್ಸ್. ಕಮಾಂಡ್ ಟೈಪ್ ಮಾಡಬೇಕಿಲ್ಲ, ಮೌಸ್ ಸಾಕು. ಅದರ ಅಧಿಕೃತ ತಾಣದಿಂದಲೇ ಐಎಸ್‌ಒ ಫೈಲ್ (ಇಡೀ ರೆಸ್ಕ್ಯೂಝಿಲ್ಲಾ ಇರುವ ಒಂದೇ ಫೈಲ್) ಇಳಿಸಿಕೊಂಡು, ರೂಫಸ್ ಅಥವಾ ಬಲೇನಾಎಚರ್ ಎಂಬ ಸಾಫ್ಟ್‌ವೇರ್ ಬಳಸಿ ಪೆನ್ ಡ್ರೈವಿಗೆ ಬರೆಯಿರಿ. ಸುಮ್ನೆ ಕಾಪಿ ಪೇಸ್ಟ್ ಮಾಡಿದರೆ ಅದು ಬೂಟ್ ಆಗುವುದಿಲ್ಲ, ಅಂದರೆ ಲ್ಯಾಪ್‌ಟಾಪ್ ಅದರಿಂದ ಏಳುವುದಿಲ್ಲ.

ಲ್ಯಾಪ್‌ಟಾಪನ್ನು ಸಾದಾ ಶಟ್‌ಡೌನ್ ಮಾಡಬೇಡಿ. ವಿಂಡೋಸ್ ಬೇಗ ಏಳಬೇಕೆಂದು ಅರ್ಧ ನಿದ್ದೆಯಲ್ಲೇ ಇರುತ್ತದೆ, ಇದಕ್ಕೆ ಫಾಸ್ಟ್ ಸ್ಟಾರ್ಟಪ್ ಎನ್ನುತ್ತಾರೆ. ಆ ಸ್ಥಿತಿಯ ಡಿಸ್ಕನ್ನು ಕಾಪಿ ಮಾಡಲು ರೆಸ್ಕ್ಯೂಝಿಲ್ಲಾ ತಕರಾರು ಮಾಡಬಹುದು. ಪೆನ್ ಡ್ರೈವ್ ಚುಚ್ಚಿ ರೀಸ್ಟಾರ್ಟ್ ಕೊಡಿ. ಪರದೆ ಕಪ್ಪಾದ ಕೂಡಲೇ ಬೂಟ್ ಮೆನುವಿನ ಕೀ ಒತ್ತುತ್ತಾ ಇರಿ. ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್‌ನಲ್ಲಿ ಎಸ್ಕೇಪ್. ಪಟ್ಟಿಯಲ್ಲಿ ಪೆನ್ ಡ್ರೈವ್ ಆರಿಸಿ.

ತೆರೆದ ಮೇಲೆ "ಬ್ಯಾಕಪ್" ಒತ್ತಿ. ನಿಮ್ಮ ಡಿಸ್ಕನ್ನು ಅಳತೆ ನೋಡಿ ಗುರುತಿಸಿ. 1 ಟಿಬಿ ಡಿಸ್ಕ್ 931 ಜಿಬಿ ಎಂದು ಕಾಣಬಹುದು, ಅದು ಸರಿಯೇ. ಪಾರ್ಟಿಶನ್‌ಗಳು, ಅಂದರೆ ಡಿಸ್ಕಿನ ಭಾಗಗಳು, ಎಲ್ಲವೂ ಟಿಕ್ ಆಗಿರಲಿ. ಸಣ್ಣದು, ಬೇಡ ಎಂದು ಯಾವುದನ್ನೂ ಬಿಡಬೇಡಿ. ವಿಂಡೋಸ್ ಏಳುವುದೇ ಆ ಸಣ್ಣ ಪಾರ್ಟಿಶನ್‌ನಿಂದ. ಎಲ್ಲಿಗೆ ಉಳಿಸಬೇಕು ಎಂದು ಕೇಳಿದಾಗ "ನೆಟ್‌ವರ್ಕಿನಲ್ಲಿ ಹಂಚಿಕೊಂಡ ಫೋಲ್ಡರ್" ಎಂಬ ಅರ್ಥದ ಆಯ್ಕೆ ತೆಗೆದುಕೊಂಡು ಡೆಸ್ಕ್‌ಟಾಪಿನ ಐಪಿ ವಿಳಾಸ, ಫೋಲ್ಡರ್ ಹೆಸರು, ಬಳಕೆದಾರ, ಪಾಸ್‌ವರ್ಡ್ ಕೊಡಿ. ವಿಳಾಸವನ್ನು ಅಲ್ಲಿ ತೋರಿಸಿದ ಮಾದರಿಯಲ್ಲೇ ಬರೆಯಿರಿ. ಇಮೇಜಿನ ಹೆಸರಿನಲ್ಲಿ ದಿನಾಂಕ ಇರಲಿ. ಕಂಪ್ರೆಶನ್ ಇದ್ದ ಹಾಗೇ ಬಿಡಿ. ಮುಂದೆ ಒತ್ತಿ, ಚಾರ್ಜರ್ ಹಾಕಿ ಬಿಟ್ಟುಬಿಡಿ.

ನಿಮ್ಮ ಡಿಸ್ಕ್ ಪಟ್ಟಿಯಲ್ಲಿ ಕಾಣದೇ ಇದ್ದರೆ ಬಯೋಸ್‌ನಲ್ಲಿ ಡಿಸ್ಕ್ ನಡೆಯುವ ಬಗೆ ರೇಡ್ ಅಥವಾ ಇಂಟೆಲ್ ಆರ್‌ಎಸ್‌ಟಿ ಎಂದು ಇರಬಹುದು. ಬದಲಿಸಿ ನೋಡೋಣ ಎಂದು ಕೈ ಹಾಕಬೇಡಿ, ವಿಂಡೋಸ್ ಏಳದೇ ಹೋಗಬಹುದು. ಅಂಥ ಲ್ಯಾಪ್‌ಟಾಪಿಗೆ ಫೈಲ್ ಬ್ಯಾಕಪ್ ಅಷ್ಟನ್ನೇ ಇಟ್ಟುಕೊಳ್ಳಿ, ಅದಕ್ಕೇನೂ ತೊಂದರೆ ಇಲ್ಲ.

ಇಮೇಜ್ ಮುಗಿದು, ಹಂತ 8ರಲ್ಲಿ ಹೇಳಿರುವ "ವೆರಿಫೈ" ಆದ ಮೇಲೆ ಒಂದು ಕೆಲಸ ತಪ್ಪಿಸಬೇಡಿ. ಡೆಸ್ಕ್‌ಟಾಪಿನಲ್ಲಿ ಕೂತು, ಆ ಇಮೇಜ್ ಇರುವ ಇಡೀ ಫೋಲ್ಡರನ್ನು ಹಂಚಿಕೊಂಡ ಜಾಗದಿಂದ ತೆಗೆದು ಹಂಚಿಕೊಳ್ಳದ ಇನ್ನೊಂದು ಫೋಲ್ಡರಿಗೆ ಸರಿಸಿ. ಲ್ಯಾಪ್‌ಟಾಪಿಗೆ ರಾನ್ಸಮ್‌ವೇರ್ ಬಿದ್ದರೆ ಅದು ಲ್ಯಾಪ್‌ಟಾಪಿನಿಂದ ತಲುಪುವ ಎಲ್ಲ ಫೋಲ್ಡರಿಗೂ ಕೈ ಹಾಕುತ್ತದೆ. ತಲುಪದ ಜಾಗದಲ್ಲಿ ಇದ್ದರೆ ಉಳಿಯುತ್ತದೆ. ಒಳಗಿರುವ ಫೈಲುಗಳ ಹೆಸರು ಮಾತ್ರ ಬದಲಿಸಬೇಡಿ.

ಹಂತ 8: ವಾಪಸ್ ಬರುತ್ತದೆಯೇ ಪರೀಕ್ಷಿಸಿ

ತೆರೆದು ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಡೆಸ್ಕ್‌ಟಾಪಿನಲ್ಲಿ ಫೈಲ್ ಹಿಸ್ಟರಿಯ ಫೋಲ್ಡರ್ ತೆರೆದು ಐದು ಫೈಲ್ ಆರಿಸಿ: ಒಂದು ಫೋಟೋ, ಒಂದು ವಿಡಿಯೋ, ಒಂದು ಪಿಡಿಎಫ್, ಒಂದು ಎಕ್ಸೆಲ್, ಒಂದು ಹಳೆಯ ಕನ್ನಡ ಫೈಲ್. ಐದೂ ಸರಿಯಾಗಿ ತೆರೆಯಬೇಕು. ಕನ್ನಡದ್ದು ಓದಲು ಬರಬೇಕು.

ಇಮೇಜಿಗೆ ರೆಸ್ಕ್ಯೂಝಿಲ್ಲಾದಲ್ಲೇ "ವೆರಿಫೈ" ಎಂಬ ಆಯ್ಕೆ ಇದೆ. ಸರಿಸುವ ಮುಂಚೆಯೇ ಅದನ್ನು ಒಮ್ಮೆ ಓಡಿಸಿ. "ಇಮೇಜ್ ಎಕ್ಸ್‌ಪ್ಲೋರರ್" ಬಳಸಿ ಇಮೇಜಿನ ಒಳಗಿಂದ ಒಂದೇ ಒಂದು ಫೈಲನ್ನೂ ತೆಗೆದುಕೊಳ್ಳಬಹುದು. ಬಿಟ್‌ಲಾಕರ್ ಬೀಗ ಇದ್ದಾಗ ತೆಗೆದ ಇಮೇಜಿನಲ್ಲಿ ಮಾತ್ರ ಈ ಅನುಕೂಲ ನಿರೀಕ್ಷಿಸಬೇಡಿ.

ನಾಳೆ ಡಿಸ್ಕ್ ಹೋದರೆ

ಹೊಸ ಡಿಸ್ಕ್ ಹಳೆಯದರಷ್ಟೇ ಅಥವಾ ಅದಕ್ಕಿಂತ ದೊಡ್ಡದಿರಲಿ. ಇಮೇಜನ್ನು ಹಂಚಿಕೊಂಡ ಫೋಲ್ಡರಿಗೆ ಮತ್ತೆ ತಂದಿಡಿ, ಅದೇ ಪೆನ್ ಡ್ರೈವಿನಿಂದ ಬೂಟ್ ಮಾಡಿ "ರಿಸ್ಟೋರ್" ಆರಿಸಿ. ಆರಿಸಿದ ಡಿಸ್ಕಿನಲ್ಲಿ ಇರುವುದೆಲ್ಲ ಅಳಿಸುತ್ತದೆ, ಆದ್ದರಿಂದ ಎರಡು ಡಿಸ್ಕ್ ಇರುವ ಲ್ಯಾಪ್‌ಟಾಪಿನಲ್ಲಿ ಎರಡೆರಡು ಸಲ ನೋಡಿ ಒತ್ತಿ. ಆಮೇಲೆ ಇಮೇಜ್ ತೆಗೆದ ದಿನದಿಂದ ಈಚಿನ ಫೈಲುಗಳನ್ನು ಫೈಲ್ ಹಿಸ್ಟರಿಯಿಂದ ತಂದುಕೊಳ್ಳಿ. ಬೇರೆ ಕಂಪನಿಯ ಹೊಸ ಲ್ಯಾಪ್‌ಟಾಪ್ ಕೊಂಡಿದ್ದರೆ ಹಳೆಯ ಇಮೇಜನ್ನು ಅದಕ್ಕೆ ಇಳಿಸಬೇಡಿ. ಡ್ರೈವರ್, ಲೈಸೆನ್ಸ್ ಎಲ್ಲ ಗೋಜಲಾಗುತ್ತದೆ. ಫೈಲುಗಳನ್ನು ಮಾತ್ರ ತೆಗೆದುಕೊಳ್ಳಿ.

ಲ್ಯಾಪ್‌ಟಾಪ್, ಡೆಸ್ಕ್‌ಟಾಪ್ ಎರಡೂ ಒಂದೇ ಮನೆಯಲ್ಲಿ ಇವೆ. ಸಿಡಿಲು ಬಡಿದರೆ, ನೀರು ನುಗ್ಗಿದರೆ, ಕಳ್ಳತನವಾದರೆ ಎರಡೂ ಒಟ್ಟಿಗೇ ಹೋಗುತ್ತವೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯ ಹೊರಗೆ ಎಂಬ 3-2-1 ಲೆಕ್ಕ ಬಂದಿರುವುದು ಇದಕ್ಕೇ. ಡೆಸ್ಕ್‌ಟಾಪಿನ ಬ್ಯಾಕಪ್ ಫೋಲ್ಡರನ್ನು ಆರು ತಿಂಗಳಿಗೊಮ್ಮೆ ಒಂದು ಪೋರ್ಟಬಲ್ ಡಿಸ್ಕಿಗೆ ಹಾಕಿ, ಊರಿಗೆ ಹೋಗುವಾಗ ಅಪ್ಪ ಅಮ್ಮನ ಮನೆಯ ಬೀರುವಿನಲ್ಲಿ ಇಟ್ಟು ಬನ್ನಿ. ಆ ಡಿಸ್ಕಿಗೆ ಬಿಟ್‌ಲಾಕರ್ ಹಾಕಿದ್ದರೆ ಅದರ ಕೀ ನಿಮ್ಮ ಬಳಿಯೂ ಒಂದು ಇರಲಿ.